ಎರಡು ತೇಪೆಗಳು

ಓಲೆಗರಿಯ ಕಾವ್ಯವನ್ನು ಪ್ರತಿ ಮಾಡುವವನು ಅಕ್ಷರದೋಷವನ್ನು ತಿದ್ದಬಹುದು. ಕವಿಯೇ ಹೊಡೆದುಹಾಕಿದ ಪದ್ಯವನ್ನು ಮರಳಿ ಸೇರಿಸಬಹುದೆ?

ಈ ಪ್ರಶ್ನೆ ನನಗೆ ಎದುರಾದದ್ದು ಒಂದು ಗಣಕಯಂತ್ರದ ಆಟದಲ್ಲಿ. 'ವ್ಯಾಂಪೈರ್: ದಿ ಮಾಸ್ಕರೇಡ್ – ಬ್ಲಡ್‌ಲೈನ್ಸ್' 2004ರಲ್ಲಿ ಹೊರಬಂದಿತು. ಲಾಸ್ ಏಂಜಲೀಸಿನ ಇರುಳಿನಲ್ಲಿ ಆಡುವವನೇ ರಕ್ತಪಿಶಾಚಿ! ನಿರ್ಮಿಸಿದ ಸಂಸ್ಥೆ 2005ರಲ್ಲಿ ಮುಚ್ಚಿತು; ಉಳಿದ ದೋಷಗಳನ್ನು ತಿದ್ದುವ ಹೊಣೆಯನ್ನು ಅಭಿಮಾನಿಗಳು ಹೊತ್ತರು. ಅವರ ತೇಪೆಯಲ್ಲಿ ಎರಡು ಬಗೆ. 'ಬೇಸಿಕ್' ದೋಷಗಳನ್ನಷ್ಟೇ ತಿದ್ದುತ್ತದೆ. 'ಪ್ಲಸ್' ನಿರ್ಮಾಪಕರು ಕೈಬಿಟ್ಟ ಪ್ರಸಂಗಗಳನ್ನೂ ಮರಳಿ ತರುತ್ತದೆ.

ಆಸೆ ಎರಡನೆಯದರತ್ತ ಎಳೆಯಿತು. ಆದರೆ ಅವರು ಕೈಬಿಟ್ಟದ್ದು ಕಾಲ ಸಾಲದೆಯೋ, ಬೇಡವೆಂದೋ? ಒಂದೊಂದನ್ನೂ ಕೇಳಿ ತಿಳಿಯುವ ಬಗೆಯೆಲ್ಲಿ? ನಾನು ಬೇಸಿಕ್ಕನ್ನೇ ಆರಿಸಿದೆ. ಮೊದಲ ಸಲ ಕಥೆಯನ್ನು ಹೇಳಿದವರ ಬಾಯಿಂದಲೇ ಕೇಳಬೇಕು. ಮರುಸಲಕ್ಕೆ ಪ್ಲಸ್ ಇದ್ದೇ ಇದೆ.