ಕೈಗೂ ಒಂದು ಪಾಠ

ವಿದ್ಯಾಭ್ಯಾಸವೆಂದರೆ ಪುಸ್ತಕ, ಪರೀಕ್ಷೆ, ಅಂಕ ಇವಿಷ್ಟೇ ಎಂಬ ಭಾವನೆಯು ನಮ್ಮ ಗೃಹಸ್ಥರಲ್ಲಿ ಆಳವಾಗಿ ಬೇರೂರಿರುವುದು. ಇದಕ್ಕಾಗಿ ಅವರನ್ನು ದೂಷಿಸುವುದು ನ್ಯಾಯವಲ್ಲ. ಅಂಕವಿಲ್ಲದೆ ಕಾಲೇಜಿಲ್ಲ, ಕಾಲೇಜಿಲ್ಲದೆ ಉದ್ಯೋಗವಿಲ್ಲ. ಆದರೆ ಈ ಲೆಕ್ಕಕ್ಕೆ ಸಿಕ್ಕದಿರುವ ವಿದ್ಯೆಯೊಂದುಂಟು. ಅದರ ವಿಷಯವಾಗಿ ವಾಚಕ ಮಹಾಶಯರೊಡನೆ, ವಿಶೇಷವಾಗಿ ತಾಯಿತಂದೆಗಳೊಡನೆ, ಎರಡು ಮಾತನಾಡಬೇಕೆಂದು ನಮ್ಮ ಅಪೇಕ್ಷೆ.

ಗೌರಿಬಿದನೂರು ತಾಲ್ಲೂಕಿನ ಅಲೀಪುರವು ರತ್ನದ ಹರಳುಗಳ ವ್ಯಾಪಾರಕ್ಕೆ ಹೆಸರಾದ ಊರು. ಅಲ್ಲಿಯ ಶಾಲೆಯೊಂದರಲ್ಲಿ ಯಂತ್ರಮಾನವ ವಿದ್ಯೆ ಮತ್ತು ಬಾಹ್ಯಾಕಾಶ ವಿಷಯವಾಗಿ ಮಕ್ಕಳಿಗೆ ಎರಡು ದಿನಗಳ ಕಾರ್ಯಾಗಾರವು ನಡೆಯಿತು. ಬಹುಕಾಲ ಸಂಸ್ಕೃತ ಪಾಠವನ್ನು ಹೇಳಿ ನಿವೃತ್ತರಾದ ನಮಗೆ ಅಲ್ಲೇನು ಕೆಲಸವೆಂದು ಕೇಳಬಹುದು. ನಮ್ಮ ಹಳೆಯ ಶಿಷ್ಯರೊಬ್ಬರು ಅಲ್ಲಿ ಅಧ್ಯಾಪಕರು. "ಗುರುಗಳೇ, ಇಂಗ್ಲಿಷಿನ ಈ ಪದಗಳನ್ನು ಮಕ್ಕಳಿಗೆ ಕನ್ನಡದಲ್ಲಿ ಹೇಗೆ ಹೇಳಬೇಕೋ ತಾವು ಬಂದು ತಿಳಿಸಿಕೊಡಬೇಕು" ಎಂದು ಕರೆದರು, ಹೋದೆವು.

'ಯಂತ್ರ' ಎಂಬ ಶಬ್ದವು 'ಯಮ್' ಧಾತುವಿನಿಂದ ಹುಟ್ಟಿದುದು, ಅಂಕೆಯಲ್ಲಿ ಹಿಡಿದಿಡುವುದೆಂದು ಅದರ ಅರ್ಥ ಎಂದು ನಾವು ವಿವರಿಸಿದೆವು. ಮಕ್ಕಳು ಮರ್ಯಾದೆಯಿಂದ ಕೇಳಿದರು; ಆದರೆ ಅವರ ದೃಷ್ಟಿಯೆಲ್ಲ ಮೇಜಿನ ಮೇಲಿದ್ದ ಚಕ್ರಗಳ ಮೇಲೆಯೇ ಇದ್ದಿತು. ಅವರು ಕಟ್ಟಬೇಕಾಗಿದ್ದುದು ಅಂಗೈಯಗಲದ ಒಂದು ಬಂಡಿ. ಎಡಬಲದ ಚಕ್ರಗಳಿಗೆ ಒಂದೊಂದು ಮೋಟಾರು. ಮುಂದುಗಡೆ ಒಂದು ಸಂವೇದಕ. ಈ ಸಂವೇದಕವು ನಮ್ಮ ಕಿವಿಗೆ ಕೇಳಿಸದ ಶಬ್ದವನ್ನು ಹೊರಡಿಸಿ, ಬಾವಲಿಯಂತೆ ಅದರ ಮಾರ್ದನಿಯನ್ನು ಕೇಳಿ, ಎದುರಿಗಿರುವ ಅಡ್ಡಿಯು ಎಷ್ಟು ದೂರವೆಂದು ಅರಿಯುತ್ತದೆ. ಬಂಡಿಯು ಗೋಡೆಯನ್ನು ತಾಗುವುದಕ್ಕೆ ಮೊದಲೇ ತಾನಾಗಿ ತಿರುಗಬೇಕು. 'ಸಂವೇದಕ' ಎಂಬ ನಮ್ಮ ಪದವು ಯಾರ ಬಾಯಲ್ಲಿಯೂ ನಿಲ್ಲಲಿಲ್ಲ. ಮಕ್ಕಳು ಅದನ್ನು 'ಬಂಡಿಯ ಕಣ್ಣು' ಎಂದರು. ಆ ಹೆಸರೇ ಉಳಿಯಿತು.

ಎಂಟನೆಯ ತರಗತಿಯ ಹುಡುಗಿಯೊಬ್ಬಳ ಬಂಡಿಯು ಮುಂದಕ್ಕೆ ಹೋಗಲೊಲ್ಲದೆ ಬುಗುರಿಯಂತೆ ನಿಂತಲ್ಲಿಯೇ ಸುತ್ತುತ್ತಿದ್ದಿತು. ಎರಡನೆಯ ದಿನ ಮಧ್ಯಾಹ್ನ ಆಕೆಯ ತಂದೆ ಬಂದರು. ಗಣಿತದ ಟ್ಯೂಷನ್ನಿಗೆ ಹೊತ್ತಾಯಿತು, ಮಗಳನ್ನು ಕರೆದೊಯ್ಯಬೇಕೆಂದು ಅವರ ಅವಸರ. ನಮ್ಮನ್ನು ಕಂಡು, "ಮೇಷ್ಟ್ರೇ, ಇದರಿಂದ ಪರೀಕ್ಷೆಯಲ್ಲಿ ಎಷ್ಟು ಅಂಕ ಬರುತ್ತದೆ?" ಎಂದು ಕೇಳಿದರು.

"ಒಂದೂ ಬರುವುದಿಲ್ಲ, ಸಾಹೇಬರೆ. ಆದರೂ ಅರ್ಧ ಗಂಟೆ ಕುಳಿತು ನೋಡಿ" ಎಂದೆವು.

ಅವರು ಒಲ್ಲದ ಮನಸ್ಸಿನಿಂದಲೇ ಕುಳಿತರು. ಹುಡುಗಿಯು ಮೊದಲು ಬ್ಯಾಟರಿಯನ್ನು ಬದಲಾಯಿಸಿದಳು; ಪ್ರಯೋಜನವಾಗಲಿಲ್ಲ. ಚಕ್ರಗಳನ್ನು ಬಿಚ್ಚಿ ಮತ್ತೆ ಹಾಕಿದಳು; ಆಗಲೂ ಇಲ್ಲ. ಕಡೆಗೆ ಬಂಡಿಯನ್ನು ಕೈಯಲ್ಲೆತ್ತಿ ಹಿಡಿದು ಸುಮ್ಮನೆ ನೋಡಿದಳು. ಒಂದು ಚಕ್ರ ಮುಂದಕ್ಕೂ ಇನ್ನೊಂದು ಹಿಂದಕ್ಕೂ ತಿರುಗುತ್ತಿದ್ದುವು. ಒಂದು ಮೋಟಾರಿನ ಎರಡು ತಂತಿಗಳನ್ನು ಅದಲುಬದಲು ಮಾಡಿದಳು. ಬಂಡಿಯು ನೆಟ್ಟಗೆ ಹೊರಟಿತು. ತಂದೆ ಬಹಳ ಹೊತ್ತು ಮಾತನಾಡಲಿಲ್ಲ. ಆ ಮೇಲೆ, "ಹರಳನ್ನು ಸಾಣೆ ಹಿಡಿಯುವಾಗಲೂ ಹೀಗೆಯೇ. ಎಲ್ಲಿ ಕೆಟ್ಟಿತೆಂಬುದು ಕೈಗೆ ಮೊದಲು ತಿಳಿಯುತ್ತದೆ" ಎಂದರು. ಆ ದಿನ ಟ್ಯೂಷನ್ನು ತಪ್ಪಿತು.

ಎಲ್ಲಿ ಕೆಟ್ಟಿತೆಂದು ತಾಳ್ಮೆಯಿಂದ ಹುಡುಕುವುದೇ ನಾವು ಹೇಳಹೊರಟ ವಿದ್ಯೆ. ಅದು ಮಕ್ಕಳಾಟವೆಂದು ತಿಳಿಯಬೇಡಿ. 2019ರ ಸೆಪ್ಟೆಂಬರಿನಲ್ಲಿ ಚಂದ್ರಯಾನ-2ರ ವಿಕ್ರಮ ನೌಕೆಯು ಇಳಿಯುವಾಗ ಚಂದ್ರನ ನೆಲಕ್ಕೆ ಅಪ್ಪಳಿಸಿತು. ನಮ್ಮ ವಿಜ್ಞಾನಿಗಳು ಯಾವುದು ಯಾವುದು ಕೆಡಬಹುದೆಂದು ಒಂದೊಂದಾಗಿ ಎಣಿಸಿ ಮುಂದಿನ ನೌಕೆಯನ್ನು ರೂಪಿಸಿದರು. ಅದರ ಕಾಲುಗಳನ್ನು ಬಲಪಡಿಸಿದರು, ಇಂಧನವನ್ನು ಹೆಚ್ಚಿಸಿದರು, 500 ಮೀಟರ್ ಉದ್ದಗಲವಿದ್ದ ಇಳಿದಾಣವನ್ನು 4 ಕಿಲೋಮೀಟರ್ ಉದ್ದ, 2.4 ಕಿಲೋಮೀಟರ್ ಅಗಲಕ್ಕೆ ವಿಸ್ತರಿಸಿದರು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಸುಖವಾಗಿ ಇಳಿಯಿತು. ಅದರಿಂದ ಹೊರಬಂದ 'ಪ್ರಜ್ಞಾನ'ವು 26 ಕಿಲೋಗ್ರಾಂ ತೂಕದ, ಆರು ಚಕ್ರದ ಬಂಡಿ. ಆಗಸ್ಟ್ 27ರಂದು ಮೂರು ಮೀಟರ್ ಮುಂದೆ ನಾಲ್ಕು ಮೀಟರ್ ಅಗಲದ ಹಳ್ಳವು ಅದಕ್ಕೆ ಕಾಣಿಸಿತು. ಭೂಮಿಯಿಂದ ಆಜ್ಞೆ ಪಡೆದು ಬಂದ ದಾರಿಯಲ್ಲಿ ಹಿಂದಿರುಗಿ, ಬೇರೆ ದಾರಿಯನ್ನು ಹಿಡಿಯಿತು. ಅಲೀಪುರದ ಹುಡುಗಿಯ ಬಂಡಿಗೂ ಇದಕ್ಕೂ ಗಾತ್ರದಲ್ಲಿ, ಬೆಲೆಯಲ್ಲಿ ಅಜಗಜಾಂತರ. ತತ್ತ್ವ ಮಾತ್ರ ಒಂದೇ.

ಈ ವಿದ್ಯೆಯು ನಮ್ಮ ಸೀಮೆಗೆ ಹೊಸತೂ ಅಲ್ಲ. ಗೌರಿಬಿದನೂರಿನ ಬಳಿ ಆಕಾಶದ ರೇಡಿಯೋ ಅಲೆಗಳನ್ನು ಗ್ರಹಿಸುವ ದೂರದರ್ಶಕವನ್ನು 1970ರ ದಶಕದಲ್ಲಿಯೇ ಕಟ್ಟಲಾಯಿತು. ಹೊಲಗಳ ನಡುವೆ ಸಾಲುಸಾಲಾಗಿ ಕಂಬಗಳನ್ನು ನೆಟ್ಟು ತಂತಿಗಳನ್ನು ಹೂಡಿದ ಕೆಲಸವದು. 1997ರಿಂದ ಅಲ್ಲಿ ಸೂರ್ಯನ ಪ್ರಭಾವಲಯವನ್ನು ನೋಡುವ ಉಪಕರಣವೂ ಇದೆ. ಇದೇ ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಜನಿಸಿದ ಡಾ. ಎಚ್. ನರಸಿಂಹಯ್ಯನವರು ಓದಬೇಕೆಂಬ ಹಂಬಲದಿಂದ ಕಾಲ್ನಡಿಗೆಯಲ್ಲಿಯೇ ಬೆಂಗಳೂರಿಗೆ ಹೋದರು. ಭೌತವಿಜ್ಞಾನಿಯಾಗಿ, 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಸ್ಥಾಪಿಸಿದರು. ಕಣ್ಣಿಂದ ನೋಡು, ಪ್ರಶ್ನಿಸು, ಆ ಮೇಲೆ ನಂಬು ಎಂಬುದೇ ಅವರು ಜೀವಮಾನವೆಲ್ಲ ಸಾರಿದ ಬುದ್ಧಿ.

ಇನ್ನು ಒಂದು ವ್ಯಥೆಯನ್ನೂ ಹೇಳಬೇಕು. ಕಾರ್ಯಾಗಾರವು ಮುಗಿದ ಸಂಜೆ ಬಂಡಿಗಳನ್ನೆಲ್ಲ ಬಿಚ್ಚಿ, ಪೆಟ್ಟಿಗೆಗಳಲ್ಲಿ ತುಂಬಿ, ಬಂದವರು ಕೊಂಡೊಯ್ದರು. ಬೇರೆ ಊರುಗಳ ಮಕ್ಕಳಿಗೂ ಅವು ಬೇಕಷ್ಟೆ, ಅದು ತಪ್ಪಲ್ಲ. ಆದರೆ ಎರಡು ದಿನ ಎಚ್ಚೆತ್ತ ಕೈಯು ಮೂರನೆಯ ದಿನ ಮತ್ತೆ ನಿದ್ರಿಸಬೇಕೆ? ಕೆಲವು ಶಾಲೆಗಳಲ್ಲಿ ಸಲಕರಣೆಗಳಿದ್ದರೂ ಹಾಳಾದಾವೆಂಬ ಭಯದಿಂದ ಬೀರುವಿನೊಳಗೆ ಬೀಗ ಹಾಕಿಸಿಕೊಂಡು ಕುಳಿತಿರುತ್ತವೆ. ಬಳಸಿ ಕೆಟ್ಟ ಸಲಕರಣೆಯು ಒಬ್ಬ ಹುಡುಗನಿಗಾದರೂ ಏನನ್ನೋ ಕಲಿಸಿರುತ್ತದೆ. ಬೀರುವಿನಲ್ಲಿಯೇ ತುಕ್ಕು ಹಿಡಿದುದು ಯಾರಿಗೂ ಏನನ್ನೂ ಕಲಿಸದು.

ಆದುದರಿಂದ ಗೃಹಸ್ಥರಲ್ಲಿ ನಮ್ಮ ಬಿನ್ನಹವಿಷ್ಟೆ. ಮುಂದಿನ ಸಲ ಶಾಲೆಗೆ ಹೋದಾಗ ಆ ಬೀರುವಿನ ಬೀಗದ ಕೈ ಎಲ್ಲಿದೆಯೆಂದು ವಿಚಾರಿಸಿರಿ. ಇಂಥ ಕೆಲಸಕ್ಕೆಂದು ಮಗಳು ಒಂದು ಗಂಟೆ ತಡವಾಗಿ ಬರುವೆನೆಂದರೆ ಬೇಡವೆನ್ನದೆ, ನೀವೇ ಹೋಗಿ ಕರೆದುಕೊಂಡು ಬನ್ನಿರಿ. ಮನೆಯ ಮೂಲೆಯಲ್ಲಿ ಬಿದ್ದಿರುವ ಕೆಟ್ಟ ಗಡಿಯಾರ, ಹಳೆಯ ರೇಡಿಯೋಗಳನ್ನು ವಿದ್ಯುತ್ತಿನ ಸಂಬಂಧ ತಪ್ಪಿಸಿ, ಬ್ಯಾಟರಿ ತೆಗೆದು, ಹಿರಿಯರು ಹತ್ತಿರವಿದ್ದು, ಮಕ್ಕಳ ಕೈಗೆ ಕೊಡಿರಿ. ಬಿಚ್ಚಿದುದನ್ನು ಅವರು ಮತ್ತೆ ಜೋಡಿಸಲಾರದೆ ಹೋದರೆ ಗದರಿಸಬೇಡಿರಿ. ನಾಳೆ ಮತ್ತೆ ನೋಡೋಣವೆಂದು ಅದನ್ನು ಹಾಗೆಯೇ ಇಡಲು ಮೇಜಿನ ಮೇಲೆ ಸ್ವಲ್ಪ ಜಾಗವನ್ನು ಬಿಟ್ಟುಕೊಡಿರಿ.