ತಾಮ್ರಪಟವೂ ಸುಳ್ಳು ಹೇಳೀತು

ಹೊರನಾಡಿನಲ್ಲಿ ನೆಲೆಸಿದ ನಮಗೆ ಊರು ಉಳಿಯುವುದು ಮಾತಿನಲ್ಲಿ. ಮುಂಬಯಿಯ ಎರಡು ಕೋಣೆಯ ಮನೆಯಲ್ಲಿ ಕುಳಿತು ಮಕ್ಕಳಿಗೆ ಹಿರಿಮೆ ಹೇಳುತ್ತೇವೆ: ನಮ್ಮ ಮನೆತನಕ್ಕೆ ಇಂಥ ಅರಸ ಉಂಬಳಿ ಕೊಟ್ಟಿದ್ದ, ನಮ್ಮ ನುಡಿಗೆ ಇಷ್ಟು ಸಾವಿರ ವರ್ಷ. ಈಗಿನ ಮಕ್ಕಳು “ಅದಕ್ಕೆ ಆಧಾರವೇನಪ್ಪಾ?” ಎನ್ನುತ್ತಾರೆ. ಅದನ್ನು ಉದ್ಧಟತನವೆಂದು ಗದರಿಸುವಂತಿಲ್ಲ. ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಎಂಬ ಗಾದೆ ನಮ್ಮದೇ ತಾನೆ?

“ತಾಮ್ರಪಟವಿದೆ” ಎಂದರೆ ವಾದ ಮುಗಿಯಿತೆಂದು ನಮ್ಮವರ ನಂಬಿಕೆ. ಆದರೆ ತಾಮ್ರಪಟವೂ ಸುಳ್ಳು ಹೇಳೀತು. ಅದರ ಮೇಲೆ ಜಮೀನಿನ ಹಕ್ಕು ನಿಂತಿತ್ತು. ಹಕ್ಕಿದ್ದಲ್ಲಿ ಆಸೆಯೂ ಇತ್ತು. ರಾಜಶಾಸನವನ್ನು ಕೃತ್ರಿಮವಾಗಿ ಮಾಡಿದವನಿಗೆ ಮನುಸ್ಮೃತಿ ಮರಣದಂಡನೆಯನ್ನೇ ವಿಧಿಸಿದೆ. ಇಂಥವಕ್ಕೆ ಕೂಟಶಾಸನವೆಂದು ಹೆಸರು. ಶಿವಮೊಗ್ಗ ಸೀಮೆಯಲ್ಲಿ ದೊರೆತ ಕೆಲವು ತಾಮ್ರಪಟಗಳು ಮಹಾಭಾರತದ ಜನಮೇಜಯನೇ ದಾನವಿತ್ತನೆಂದು ಸಾರುತ್ತವೆ! ಅವುಗಳಲ್ಲಿನ ಬಿರುದುಗಳು ಮಾತ್ರ ಚಾಲುಕ್ಯರವು.

ನಿಜ, ಸುಳ್ಳುಗಳನ್ನು ಬೇರ್ಪಡಿಸುವುದು ಹೇಗೆ? ಅಕ್ಷರದ ರೂಪ ಅದು ಹೇಳಿಕೊಂಡ ಕಾಲಕ್ಕೆ ಹೊಂದುತ್ತದೆಯೇ? ತಿಥಿ, ವಾರ, ಗ್ರಹಣ ಪಂಚಾಂಗದ ಲೆಕ್ಕಕ್ಕೆ ಕೂಡುತ್ತವೆಯೇ? ವಂಶಾವಳಿಗೆ ನೆರೆಯ ಅರಸರ ಶಾಸನದ ಬೆಂಬಲವಿದೆಯೇ? ಒಬ್ಬರನ್ನೊಬ್ಬರು ಅರಿಯದ ಸಾಕ್ಷಿಗಳು ಒಂದೇ ಮಾತಾಡಿದರೆ ನಂಬಿಕೆ ಗಟ್ಟಿಯಾಗುತ್ತದೆ.

ಮುಂಬಯಿ ಪ್ರಾಂತದ ಅಧಿಕಾರಿಯಾಗಿದ್ದ ಜೆ. ಎಫ್. ಫ್ಲೀಟ್, ಗಂಗರ ಹಳೆಯ ತಾಮ್ರಪಟಗಳಲ್ಲಿ ಹೆಚ್ಚಿನವು ಕೂಟವೆಂದರು. 1886ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೊದಲ ಸಂಪುಟ ಹೊರತಂದ ಬಿ. ಎಲ್. ರೈಸ್ ಒಪ್ಪಲಿಲ್ಲ. ವರ್ಷಗಟ್ಟಲೆ ವಾದ ನಡೆಯಿತು. ಮುಂದೆ ಪೆನುಕೊಂಡೆಯ ಗಂಗ ತಾಮ್ರಪಟ ಬೆಳಕಿಗೆ ಬಂದಾಗ, ಅದು ನಿಜವಾದದ್ದೆಂದು ಫ್ಲೀಟರೇ ಒಪ್ಪಿದರು. 1872ರಲ್ಲಿ ಇದೇ ಮುಂಬಯಿಯಲ್ಲಿ ಆರಂಭವಾದ ‘ಇಂಡಿಯನ್ ಆಂಟಿಕ್ವರಿ’ಯಂಥ ಪತ್ರಿಕೆಗಳಲ್ಲಿ ಶಾಸನಗಳ ಪಾಠ ಅಚ್ಚಾಗುತ್ತಿದ್ದುದರಿಂದ ಮೂರನೆಯವರೂ ಪರೀಕ್ಷಿಸಬಹುದಾಯಿತು. ಇಬ್ಬರಲ್ಲಿ ದೊಡ್ಡವರು ಯಾರೆಂದು ನೋಡಿ ತೀರ್ಪಾಗಲಿಲ್ಲ. ಎಲ್ಲರ ಕಣ್ಣಮುಂದೆ ಇಟ್ಟ ಪುರಾವೆಯೇ ಮಾತಾಡಿತು.

ನಾವು ಹೆಮ್ಮೆಯಿಂದ ಹೆಸರಿಸುವ ಹಲ್ಮಿಡಿ ಶಾಸನವನ್ನೇ ನೋಡಿ. ಆ ಕಲ್ಲಿನಲ್ಲಿ ಇಸವಿಯಿಲ್ಲ. ಸುಮಾರು ಕ್ರಿ. ಶ. 450 ಎಂಬುದು ಡಾ. ಎಂ. ಎಚ್. ಕೃಷ್ಣ ಅವರ ನಿರ್ಣಯ. ತುಸು ಈಚಿನದೆನ್ನುವ ವಿದ್ವಾಂಸರೂ ಇದ್ದಾರೆ. ಮಕ್ಕಳಿಗೆ ಹೇಳುವಾಗ ಆ “ಸುಮಾರು” ಎಂಬ ಮಾತನ್ನು ನಾವು ನುಂಗಬಾರದು. ಫೋನಿಗೆ ಬಂದ ಸಂದೇಶವೊಂದು ಅದಕ್ಕೆ ಇನ್ನೂ ಸಾವಿರ ವರ್ಷ ಕೂಡಿಸಿದರೆ, ಮುಂದಕ್ಕೆ ಕಳಿಸುವ ಮುನ್ನ ತಡೆಯಬೇಕು.

ಮರಾಠಿ, ತಮಿಳು ಮಕ್ಕಳ ಜತೆ ಬೆಳೆಯುವ ನಮ್ಮ ಮಕ್ಕಳು ಒಂದು ದಿನ ಪುಸ್ತಕ ತೆರೆದು ನೋಡಿಯೇ ನೋಡುತ್ತಾರೆ. ಆಗ ಒಂದು ಉತ್ಪ್ರೇಕ್ಷೆ ಸಿಕ್ಕಿಬಿದ್ದರೆ, ನಿಜವಾದ ಹಿರಿಮೆಯನ್ನೂ ನಂಬಲಾರರು. ಇಲ್ಲಿ ಅವರಿಗೆ ತೋರಿಸಲು ನಮ್ಮೂರ ಗುಡಿಯಿಲ್ಲ, ಕೆರೆಯಿಲ್ಲ, ವೀರಗಲ್ಲಿಲ್ಲ. ಕನ್ನಡದ ಪರವಾಗಿ ಅವರೆದುರು ನಿಂತಿರುವ ಸಾಕ್ಷಿಗಳು ನಾವೇ. ಸಾಕ್ಷಿ ಹೇಳುವವರ ಮಾತು ನೆಟ್ಟಗಿರಲಿ.