ಅಂಚಿನಲ್ಲಿರೋ ಮದ್ದು

ಮೆಷಿನ್ ಡ್ರಾಯಿಂಗ್ ಕ್ಲಾಸಲ್ಲಿ ಯಾವುದಾದ್ರೂ ವಿಚಿತ್ರ ಆಕಾರದ ಭಾಗ ನೋಡಿ "ಇದು ಯಾಕೆ ಹಿಂಗಿದೆ?" ಅಂತ ಕೇಳಿದ್ರೆ, ಸಾಮಾನ್ಯವಾಗಿ ಬರೋ ಉತ್ತರ "ಅದು ಹಂಗೇ ಇರೋದು, ಬರ್ಕೋ" ಅಂತ. ಆ "ಯಾಕೆ"ಗೆ ಉತ್ತರ ಹುಡುಕೋದನ್ನ ನಾನು ಕಲಿತದ್ದು ಹಳೇ ರಿವಾಲ್ವರ್‌ಗಳಿಂದ. ಗಾಬರಿ ಆಗ್ಬೇಡಿ, ನನ್ನ ಹತ್ರ ರಿವಾಲ್ವರ್ ಇಲ್ಲ. ನಮ್ಮಲ್ಲಿ 1959ರ ಆಯುಧ ಕಾಯ್ದೆ ಇದೆ, ಲೈಸೆನ್ಸ್ ಇಲ್ಲದೆ ಹಾಸ್ಟೆಲ್ ರೂಮಲ್ಲಿ ಇಟ್ಕೊಂಡ್ರೆ ವಾರ್ಡನ್‌ಗಿಂತ ಮೊದಲು ಪೊಲೀಸರು ಬರ್ತಾರೆ. ರಿವಾಲ್ವರ್ ಇರೋದು ನಮ್ಮ ದೊಡ್ಡಪ್ಪನ ಹತ್ರ, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ.

ದೊಡ್ಡಪ್ಪ ಎಂಬತ್ತರ ದಶಕದಲ್ಲಿ ಎಂ.ಎಸ್. ಓದೋಕೆ ಅಲ್ಲಿಗೆ ಹೋದವರು. ಆಮೇಲೆ ಮೆಷಿನ್ ಟೂಲ್ ಫ್ಯಾಕ್ಟರಿಯಲ್ಲಿ ಕೆಲಸ, ಅಲ್ಲೇ ನೆಲೆ. ಅವರ ಹವ್ಯಾಸ ಸ್ವಲ್ಪ ವಿಚಿತ್ರ. ಹಳೇ ರಿಮ್‌ಫೈರ್ ರಿವಾಲ್ವರ್‌ಗಳನ್ನ ಕೂಡಿಡೋದು, ಅದರಲ್ಲೂ ಫ್ಯಾಕ್ಟರಿಯವರೇ ಏನಾದ್ರೂ ಅಪರೂಪದ ಭಾಗ ಸೇರಿಸಿದ್ದಿದ್ರೆ ಮಾತ್ರ. ಒಟ್ಟು 14 ಇವೆ. ಶನಿವಾರ ಕ್ಲಬ್ಬಿನ ರೇಂಜಿಗೆ ಹೋಗಿ ಅದರಲ್ಲಿ ಕೆಲವನ್ನ ಹೊಡೀತಿದ್ರು. ಎರಡು ವರ್ಷದಿಂದ ಅವರ ಕೈ ನಡುಗುತ್ತೆ. ಗುರಿ ಹಾಳೆಗಳಿಗೆ ತಾರೀಖು ಹಾಕಿ ಎತ್ತಿಟ್ಟಿದ್ದಾರೆ. ಮೊದಲು 9 ತೂತೂ ಒಂದು ಟೀ ಲೋಟದ ಬಾಯಿಯಷ್ಟು ಜಾಗದಲ್ಲಿ ಇರ್ತಿದ್ವು, ಈಗ ಊಟದ ತಟ್ಟೆಯಷ್ಟಾಗಿದೆ. ಅದನ್ನ ನೋಡಿ ಅವರೇ ತೀರ್ಮಾನ ಮಾಡಿದ್ರು, ಎಲ್ಲ ವಿಲೇವಾರಿ ಮಾಡ್ಬೇಕು ಅಂತ. ಅದಕ್ಕೊಂದು ಪಟ್ಟಿ ಬೇಕು. ಟೈಪ್ ಮಾಡೋಕೆ ಬೆರಳು ಕೇಳಲ್ಲ. "ಪುಟ್ಟ, ನಿಂಗೆ ಎಕ್ಸೆಲ್ ಬರುತ್ತಲ್ಲ?" ಅಂದ್ರು. ಹಾಗೆ ಶುರುವಾಯ್ತು, ಪ್ರತಿ ಭಾನುವಾರ ಬೆಳಿಗ್ಗೆ 8 ಗಂಟೆಗೆ ವಿಡಿಯೊ ಕಾಲ್. ಅವರಿಗೆ ಆಗ ಶನಿವಾರ ರಾತ್ರಿ.

ರಿಮ್‌ಫೈರ್ ಅಂದ್ರೇನು ಅಂತ ಮೊದಲು ಹೇಳ್ಬೇಕು. ಎನ್‌ಸಿಸಿಯಲ್ಲಿ ಇರೋರಿಗೆ ಇದು ಗೊತ್ತಿಲ್ಲದೇನೇ ಗೊತ್ತು, ಯಾಕಂದ್ರೆ ಕ್ಯಾಂಪಲ್ಲಿ ನಮ್ಮ ಕೈಗೆ ಕೊಡೋ .22 ರೈಫಲ್‌ನ ತೋಟಾ ಅದೇ ಜಾತಿದು. ಫೈರಿಂಗ್ ಆದ್ಮೇಲೆ ಖಾಲಿ ಕೇಸ್‌ಗಳನ್ನ ಲೆಕ್ಕ ಒಪ್ಪಿಸ್ಬೇಕಲ್ಲ, ಆಗ ಹಿಂಭಾಗ ನೋಡಿದ್ರೆ ಮಧ್ಯದಲ್ಲಿ ಏನೂ ಗುರುತಿರಲ್ಲ, ಅಂಚಲ್ಲಿ ಒಂದು ಸಣ್ಣ ತಗ್ಗು ಇರುತ್ತೆ. ದೊಡ್ಡ ತೋಟಾಗಳಲ್ಲಿ ಕಿಡಿ ಹುಟ್ಟಿಸೋ ಪ್ರೈಮರ್ ಮಧ್ಯದಲ್ಲಿ ಬೇರೆ ಗುಂಡಿ ಥರ ಕೂತಿರುತ್ತೆ. ರಿಮ್‌ಫೈರಲ್ಲಿ ಆ ಮದ್ದನ್ನ ಒದ್ದೆಯಾಗಿರುವಾಗಲೇ ತೋಟಾ ತಿರುಗಿಸಿ, ಅಂಚಿನ ಟೊಳ್ಳು ಮಡಿಕೆಯೊಳಗೆ ಹರಡ್ತಾರೆ. ಹ್ಯಾಮರ್ ಏಟಿಗೆ ಅಂಚು ಚಪ್ಪಟೆಯಾಗುತ್ತೆ, ಮದ್ದು ಸಿಡಿಯುತ್ತೆ. ಭಾಗಗಳು ಕಡಿಮೆ, ಖರ್ಚೂ ಕಡಿಮೆ. ಆದ್ರೆ ಅಂಚು ಏಟಿಗೆ ಬಗ್ಗಬೇಕಾದ್ರೆ ಲೋಹ ತೆಳ್ಳಗಿರ್ಬೇಕು, ತೆಳ್ಳಗಿದ್ರೆ ಹೆಚ್ಚು ಒತ್ತಡ ತಡೆಯಲ್ಲ. ಒಂದು ಸಲ ಬಳಸಿದ್ದನ್ನ ಮತ್ತೆ ತುಂಬಿಸೋಕೂ ಆಗಲ್ಲ. ಅದರ ಗುಣ, ದೋಷ ಎರಡೂ ಆ ಅಂಚಲ್ಲೇ ಇವೆ.

ನನ್ನ ಪಟ್ಟಿಯಲ್ಲಿ ತಯಾರಕ, ಕಾಲ, ತೋಟಾ, ವಿಶೇಷ ಭಾಗ ಅಂತ ಕಾಲಂ ಹಾಕಿದ್ದೆ. ದೊಡ್ಡಪ್ಪ ಇನ್ನೊಂದು ಸೇರಿಸು ಅಂದ್ರು, "ಯಾಕೆ". ಆ ಕಾಲಂ ತುಂಬಿಸ್ತಾ ಹೋದ ಹಾಗೆ ನಂಗೆ ಹುಚ್ಚು ಹಿಡೀತು.

ಮೊದಲನೇ ಸಾಲು, ಸ್ಮಿತ್ ಆ್ಯಂಡ್ ವೆಸ್ಸನ್ ಮಾಡೆಲ್ 1. ಇದು 1857ರಲ್ಲಿ ಬಂದದ್ದು, 7 ಸುತ್ತು. ಆಗಿನ ರಿವಾಲ್ವರ್‌ಗಳಿಗೆ ಮದ್ದು, ಗುಂಡು ಎಲ್ಲ ಮುಂದಿನಿಂದ ತುಂಬಬೇಕಿತ್ತು. ಸಿಲಿಂಡರಿನ ತೂತುಗಳನ್ನ ಈ ಕಡೆಯಿಂದ ಆ ಕಡೆಗೆ ಪೂರ್ತಿ ಕೊರೆದು, ಹಿಂದಿನಿಂದ ತೋಟಾ ಹಾಕೋ ಪೇಟೆಂಟ್ 1855ರಲ್ಲೇ ರೋಲಿನ್ ವೈಟ್ ಅನ್ನೋರಿಗೆ ಸಿಕ್ಕಿತ್ತು. ಈ ಕಂಪನಿ ಅವರಿಗೆ ಒಂದು ರಿವಾಲ್ವರ್‌ಗೆ 25 ಸೆಂಟ್ ರಾಯಲ್ಟಿ ಕೊಟ್ಟು ಹಕ್ಕು ತಗೊಂಡ್ತು. 1869ರಲ್ಲಿ ಪೇಟೆಂಟ್ ಮುಗಿಯೋವರೆಗೂ ಅಮೆರಿಕದ ಬೇರೆ ಕಂಪನಿಗಳು ಆ ಪೇಟೆಂಟಿಂದ ತಪ್ಪಿಸ್ಕೊಳ್ಳೋಕೆ ಏನೇನೋ ಸರ್ಕಸ್ ಮಾಡಿದ್ವು. ಬರೀ ಒಂದು ತೂತು ಪೂರ್ತಿ ಕೊರೆಯೋ ಹಕ್ಕಿಗೆ ಇಷ್ಟೆಲ್ಲ! ಇದರ ಮೊದಮೊದಲ ರಿವಾಲ್ವರ್‌ಗಳಲ್ಲಿ ಸಿಲಿಂಡರಿನ ಹಿಂದೆ ಅದರ ಜೊತೆಗೇ ತಿರುಗೋ ಒಂದು ಬಿಲ್ಲೆ ಇರುತ್ತೆ. ಯಾಕೆ? ಆಗಿನ ತೆಳು ತಾಮ್ರದ ತೋಟಾ ಹಾರಿಸಿದ ತಕ್ಷಣ ಹಿಂದಕ್ಕೆ ಉಬ್ಬಿ, ಚೌಕಟ್ಟಿಗೆ ಉಜ್ಜಿ, ಸಿಲಿಂಡರ್ ತಿರುಗದ ಹಾಗೆ ಹಿಡ್ಕೊಂಡುಬಿಡ್ತಿತ್ತು. ಉಬ್ಬೋದನ್ನ ನಿಲ್ಲಿಸೋಕೆ ಆಗಲ್ಲ, ಆದ್ರೆ ಉಜ್ಜೋ ಜಾಗವೇ ಜೊತೆಗೆ ತಿರುಗಿದ್ರೆ? ಅದೇ ಆ ಬಿಲ್ಲೆ. ದೊಡ್ಡಪ್ಪ ಇದನ್ನ ಯಾವತ್ತೂ ಹಾರಿಸಿಲ್ಲ. ಕಪ್ಪು ಮದ್ದಿನ ಕಾಲದ ಕಬ್ಬಿಣಕ್ಕೆ ಈಗಿನ ತೋಟಾ ಹಾಕ್ಬಾರ್ದು ಅಂತಾರೆ.

ಐದನೇ ಸಾಲು, ಹ್ಯಾರಿಂಗ್ಟನ್ ಆ್ಯಂಡ್ ರಿಚರ್ಡ್‌ಸನ್ ಕಂಪನಿಯ ಸ್ಪೋರ್ಟ್ಸ್‌ಮನ್, 9 ಸುತ್ತಿನದು. ಮಧ್ಯಕ್ಕೆ ಮಡಚಿದ್ರೆ 9 ಖಾಲಿ ಕೇಸೂ ಒಟ್ಟಿಗೆ ಕಡಲೆಕಾಯಿ ಸಿಪ್ಪೆ ಥರ ಆಚೆ ಹಾರುತ್ವೆ. ಸಿಲಿಂಡರನ್ನ ಹಿಂದಿನಿಂದ ನೋಡಿದ್ರೆ ಪ್ರತಿ ತೂತಿನ ಬಾಯಿಗೂ ಒಂದು ಕೌಂಟರ್‌ಬೋರ್ ಇದೆ, ನಾವು ವರ್ಕ್‌ಶಾಪಲ್ಲಿ ಸ್ಕ್ರೂ ತಲೆ ಒಳಗೆ ಕೂರಲಿ ಅಂತ ಮಾಡ್ತೀವಲ್ಲ, ಅದೇ. ಇಲ್ಲಿ ಒಳಗೆ ಕೂರೋದು ತೋಟಾದ ಅಂಚು. 1930ರ ದಶಕದಲ್ಲಿ ಹೆಚ್ಚು ವೇಗದ .22 ತೋಟಾಗಳು ಮಾರುಕಟ್ಟೆಗೆ ಬಂದ್ವು. ಅಂಚು ಆಚೆ ಕಾಣೋ ಹಳೇ ಸಿಲಿಂಡರಲ್ಲಿ ಅದು ಒಡೆದ್ರೆ ಬಿಸಿ ಗಾಳಿ, ಹಿತ್ತಾಳೆ ಚೂರು ಪಕ್ಕಕ್ಕೆ ಸಿಡಿಯೋ ಅಪಾಯ. ಅಂಚಿನ ಸುತ್ತ ಒಂದು ಉಕ್ಕಿನ ಗೋಡೆ ಕಟ್ಟಿದ್ರು, ಅಷ್ಟೇ. ದೊಡ್ಡಪ್ಪ ಹೆಚ್ಚು ಹೊಡೀತಿದ್ದದ್ದು ಇದರಲ್ಲೇ. ಖಾಲಿ ಇರುವಾಗ ಟ್ರಿಗರ್ ಒತ್ತಿ ಅಭ್ಯಾಸ ಮಾಡೋಕೆ ಅವರು ಗೋಡೆಗೆ ಸ್ಕ್ರೂ ಹಾಕೋ ಮುಂಚೆ ತೂರಿಸ್ತಾರಲ್ಲ, ಆ ಪ್ಲಾಸ್ಟಿಕ್ ಪ್ಲಗ್ ತುಂಬಿಸ್ತಾರೆ. ಏನೂ ಇಲ್ಲದಿದ್ರೆ ಪಿನ್ ನೇರ ಉಕ್ಕಿನ ಅಂಚಿಗೇ ಬಡಿದು ಅದನ್ನ ಜಜ್ಜಿಬಿಡಬಹುದು.

ಹನ್ನೊಂದನೇ ಸಾಲು, ಹೈ ಸ್ಟ್ಯಾಂಡರ್ಡ್ ಸೆಂಟಿನೆಲ್. 1955ರಿಂದ ಬಂದದ್ದು, ಅಲ್ಯೂಮಿನಿಯಂ ಚೌಕಟ್ಟು, 9 ಸುತ್ತು. ದೊಡ್ಡಪ್ಪನ ಹತ್ರ ಇರೋದು ಗುಲಾಬಿ ಬಣ್ಣದ್ದು! ಯಾರೋ ಬಳಿದದ್ದಲ್ಲ, ಫ್ಯಾಕ್ಟರಿಯಿಂದಲೇ ಹಾಗೆ. ಚಿನ್ನದ ಬಣ್ಣ, ನೀಲಿ-ಹಸಿರು ಬಣ್ಣದಲ್ಲೂ ಮಾರಿದ್ರು. "ಯಾಕೆ" ಕಾಲಮಲ್ಲಿ ನಾನು "ಮಾರಾಟ" ಅಂತ ಮಾತ್ರ ಬರೆದೆ. ಬೇರೆ ತಾಂತ್ರಿಕ ಕಾರಣ ಏನೂ ಹೊಳೀಲಿಲ್ಲ.

ನಂಗೆ ತುಂಬಾ ಇಷ್ಟ ಆಗಿದ್ದು ಏಳನೇ ಸಾಲು, ಐವರ್ ಜಾನ್ಸನ್. ಈ ಕಂಪನಿಯವರು ಒಂದು ಕಾಲದಲ್ಲಿ, ನಮ್ಮ ರಿವಾಲ್ವರ್‌ನ ಹ್ಯಾಮರ್ ಮೇಲೆ ಸುತ್ತಿಗೆಯಲ್ಲೇ ಹೊಡೀರಿ, ಗುಂಡು ಹಾರಲ್ಲ ಅಂತ ಜಾಹೀರಾತು ಕೊಡ್ತಿದ್ರು. ಅದು ನಿಜ. ಹ್ಯಾಮರ್ ಮತ್ತು ಪಿನ್ ನಡುವೆ ಒಂದು ಖಾಲಿ ಜಾಗ ಇದೆ. ಟ್ರಿಗರ್ ಪೂರ್ತಿ ಒತ್ತಿದಾಗ ಮಾತ್ರ ಒಂದು ಪುಟ್ಟ ಪಟ್ಟಿ ಮೇಲೆ ಬಂದು ಆ ಜಾಗ ತುಂಬುತ್ತೆ, ಏಟನ್ನ ದಾಟಿಸುತ್ತೆ. ಕೆಳಗೆ ಬಿದ್ರೆ, ಯಾವುದಕ್ಕಾದ್ರೂ ತಗುಲಿದ್ರೆ ಪಟ್ಟಿ ಕೆಳಗೇ ಇರುತ್ತೆ. ಇಷ್ಟು ಸರಳವಾದ ಇಂಟರ್‌ಲಾಕ್ ನಾನು ಎಲ್ಲೂ ನೋಡಿಲ್ಲ. ಮೂರು ಸಲ ಕ್ಯಾಮೆರಾ ಹತ್ತಿರ ತನ್ನಿ ದೊಡ್ಡಪ್ಪ ಅಂತ ಕೇಳಿ ನೋಡಿದೆ.

ಅವತ್ತೇ ಅಕ್ಕ ಮಾತಾಡಿದ್ದು.

ಅಕ್ಕ ಅಂದ್ರೆ ದೊಡ್ಡಪ್ಪನ ಮಗಳು, ಅಲ್ಲೇ ಹುಟ್ಟಿ ಬೆಳೆದವಳು. ಬೇಸ್‌ಮೆಂಟಲ್ಲಿರೋ ಆ ಕಪಾಟಿನ ಹತ್ರ ಅವಳು ಹೋಗೋದೇ ಇಲ್ಲ. ನಂಗೆ ಇದು ಸ್ವಲ್ಪ ಅತಿ ಅನ್ನಿಸ್ತಿತ್ತು. 2012ರ ಡಿಸೆಂಬರಲ್ಲಿ ಪಕ್ಕದ ಕನೆಕ್ಟಿಕಟ್‌ನ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳು, 6 ಜನ ದೊಡ್ಡವರು ಗುಂಡಿಗೆ ಬಲಿಯಾದಾಗ ಅವಳಿಗೆ 13 ವರ್ಷ. ಅವಳ ಶಾಲೆಯಲ್ಲಿ ಲಾಕ್‌ಡೌನ್ ಡ್ರಿಲ್ ಮಾಡಿಸ್ತಿದ್ರಂತೆ. ದೀಪ ಆರಿಸಿ, ಬಾಗಿಲಿಗೆ ಬೀಗ ಹಾಕಿ, ಮೂಲೆಯಲ್ಲಿ ಉಸಿರು ಬಿಗಿಹಿಡಿದು ಕೂರೋದು. ಲಾಕ್‌ಡೌನ್ ಅಂದ್ರೆ ನಮಗೆ ಆನ್‌ಲೈನ್ ಕ್ಲಾಸ್ ನೆನಪಾಗುತ್ತೆ. ಅವಳಿಗೆ ಇದು.

ಅವತ್ತು ಕಾಲ್ ನಡೀತಿರುವಾಗ ಅವಳು ದೊಡ್ಡಪ್ಪನಿಗೆ ಮಾತ್ರೆ ಕೊಡೋಕೆ ಬಂದಿದ್ಲು. ದೊಡ್ಡಪ್ಪ ಸಮಾಧಾನ ಮಾಡೋ ಥರ "ಇದೆಲ್ಲ ಪುಟಾಣಿ .22 ಕಣಮ್ಮ" ಅಂದ್ರು. ಅದಕ್ಕೆ ಅವಳು ಶಾಂತವಾಗೇ ಹೇಳಿದ್ಲು. 1968ರ ಜೂನಲ್ಲಿ ಲಾಸ್ ಏಂಜಲೀಸ್‌ನ ಹೋಟೆಲಲ್ಲಿ ರಾಬರ್ಟ್ ಕೆನೆಡಿಗೆ ಹೊಡೆದದ್ದು ಇದೇ ಕಂಪನಿಯ 8 ಸುತ್ತಿನ .22 ರಿವಾಲ್ವರಲ್ಲಿ. 1901ರಲ್ಲಿ ಅಧ್ಯಕ್ಷ ಮೆಕಿನ್ಲಿಗೆ ಹೊಡೆದದ್ದೂ ಐವರ್ ಜಾನ್ಸನ್ನೇ, ಅದು .32, ನೀನು ಹೊಗಳ್ತಿದ್ದೀಯಲ್ಲ ಆ ಸುರಕ್ಷತೆಯ ಪಟ್ಟಿ ಇದ್ದ ಮಾದರಿ. "ಪಟ್ಟಿ ಸರಿಯಾಗೇ ಕೆಲಸ ಮಾಡ್ತು ಅಲ್ವಾ?" ಅಂತ ನನ್ನನ್ನೇ ಕೇಳಿದ್ಲು.

ಸರಿಯಾಗೇ ಮಾಡ್ತು. ಒತ್ತಿದವನ ಬೆರಳನ್ನ ನಂಬೋಕೆ ಅಂತಲೇ ಅದನ್ನ ಮಾಡಿದ್ದು. ನನ್ನ "ಯಾಕೆ" ಕಾಲಮನ್ನ ಆಮೇಲೆ ಪೂರ್ತಿ ಓದಿದೆ. ತೋಟಾ ಉಬ್ಬುತ್ತೆ ಅನ್ನೋ ಭಯ, ಅಂಚು ಒಡೆಯುತ್ತೆ ಅನ್ನೋ ಭಯ, ಕೈಜಾರಿ ಬೀಳುತ್ತೆ ಅನ್ನೋ ಭಯ. ಒಂದೊಂದು ವಿಚಿತ್ರ ಭಾಗದ ಹಿಂದೆಯೂ ತಯಾರಕರ ಒಂದು ಭಯ ಇದೆ. ಅದನ್ನ ಓದೋಕೆ ಬಂದ್ರೆ ಯಂತ್ರವೇ ಕಥೆ ಹೇಳುತ್ತೆ, ಇದನ್ನ ನಾನು ಈಗಲೂ ನಂಬ್ತೀನಿ. ಆದ್ರೆ ಬೇಕು ಅಂತಲೇ ಒತ್ತೋ ಮನುಷ್ಯನ ಬಗ್ಗೆ 14 ಸಾಲಲ್ಲಿ ಒಂದು ಭಾಗವೂ ಇಲ್ಲ. ಅದನ್ನ ತಡೆಯೋ ಪ್ರಯತ್ನ ನಡೆದದ್ದು ಫ್ಯಾಕ್ಟರಿಯ ಆಚೆ. ಕೆನೆಡಿ ಸತ್ತ ಅದೇ ವರ್ಷ ಅಕ್ಟೋಬರಲ್ಲಿ ಅಮೆರಿಕದಲ್ಲಿ ಗನ್ ಕಂಟ್ರೋಲ್ ಕಾಯ್ದೆ ಬಂತು. ತಮಾಷೆ ಅಂದ್ರೆ ಆ ಕಾಯ್ದೆಯ ಲೆಕ್ಕದಲ್ಲಿ 1898 ಅಥವಾ ಅದಕ್ಕೂ ಮುಂಚೆ ತಯಾರಾದದ್ದು ಪುರಾತನ ವಸ್ತು. ಹಾಗಾಗಿ ನನ್ನ ಮೊದಲನೇ ಸಾಲಿಗೆ ಒಂದು ನಿಯಮ, ಉಳಿದವಕ್ಕೆ ಇನ್ನೊಂದು.

ಅಕ್ಕ ಶೀಟಿನ ಲಿಂಕ್ ಕೇಳಿದ್ಲು, ಕಳಿಸಿದೆ. ಮಾರನೇ ದಿನ ನೋಡಿದ್ರೆ ಹೊಸ ಕಾಲಂ ಬಂದಿತ್ತು, ಇಂಗ್ಲಿಷಲ್ಲಿ. ಕನ್ನಡದಲ್ಲಿ ಹೇಳೋದಾದ್ರೆ "ಯಾರ ಕೈಗೆ". ಜಾಸ್ತಿ ದುಡ್ಡು ಕೊಡೋರಿಗೆ ಹರಾಜಲ್ಲಿ ಮಾರಿದ್ರೆ ಆ ಕಾಲಂ ತುಂಬೋಕೆ ಆಗಲ್ಲ, ಯಾಕಂದ್ರೆ ತಗೊಂಡವರು ಯಾರು ಅಂತ ನಮಗೆ ಗೊತ್ತಿರಲ್ಲ. ದೊಡ್ಡಪ್ಪ ಎರಡು ಭಾನುವಾರ ಈ ವಿಷಯ ಎತ್ತಲೇ ಇಲ್ಲ. ಮೂರನೇ ಭಾನುವಾರ ಹರಾಜು ಬೇಡ ಅಂದ್ರು. ತಾವು ವರ್ಷಗಟ್ಟಲೆ ಪಕ್ಕದಲ್ಲಿ ನಿಂತು ಗುರಿ ಹೊಡೆದ, ಲೈಸೆನ್ಸ್ ಇರೋ ಕ್ಲಬ್ಬಿನ ಗೆಳೆಯರಿಗೆ ಮಾತ್ರ, ಕಾಗದಪತ್ರ ಎಲ್ಲ ಮಾಡಿಸಿ ಕೊಡೋದು ಅಂತ. ಕಡಿಮೆ ದುಡ್ಡು ಬರುತ್ತೆ, ಬರಲಿ ಅಂದ್ರು.

ಈಗ 9 ಸಾಲು ತುಂಬಿವೆ. ಸ್ಪೋರ್ಟ್ಸ್‌ಮನ್ ಒಬ್ಬ ನಿವೃತ್ತ ಟರ್ನರ್‌ಗೆ ಹೋಗುತ್ತೆ, ಮಾಡೆಲ್ 1 ಅದರ ಇತಿಹಾಸ ಬರೀತಿರೋ ಒಬ್ಬರಿಗೆ. ಗುಲಾಬಿ ಸೆಂಟಿನೆಲ್ ಮಾತ್ರ ಯಾರಿಗೂ ಬೇಡ ಅಂತ ಅಕ್ಕ ಹಟ ಹಿಡಿದಿದ್ದಾಳೆ. ಆಟಿಕೆ ಥರ ಕಾಣೋದು ಮಗುವಿನ ಕೈಗೆ ಸಿಕ್ಕಿದ್ರೆ ಗತಿಯೇನು ಅನ್ನೋದು ಅವಳ ವಾದ. ಅದನ್ನ ಪೊಲೀಸರಿಗೆ ಒಪ್ಪಿಸಿ ನಾಶ ಮಾಡಿಸೋಕೆ ದೊಡ್ಡಪ್ಪ ಒಪ್ಪಿದ್ದಾರೆ. ಐವರ್ ಜಾನ್ಸನ್‌ದು ಇನ್ನೂ ಖಾಲಿ. ನನ್ನ ಅಭಿಪ್ರಾಯ ಕೇಳಿದ್ರು. ಅಷ್ಟು ಚಂದದ ಮೆಕ್ಯಾನಿಸಮ್ಮನ್ನ ಕತ್ತರಿಸಿ ಹಾಕೋದು ನೆನೆಸ್ಕೊಂಡ್ರೆ ನಂಗೆ ನಿಜವಾಗ್ಲೂ ಸಂಕಟ ಆಗುತ್ತೆ, ಹಾಗಂತ ಹೇಳಿದೆ. ಅಕ್ಕ ಬೈಲಿಲ್ಲ. "ಹಾಗಾದ್ರೆ ಒಂದು ಹೆಸರು ಹೇಳು, ಬರೀತೀನಿ" ಅಂದ್ಲು. ನಾನಿನ್ನೂ ಯೋಚಿಸ್ತಿದ್ದೀನಿ.